ದಂಪತಿ ಚಾರಣ ಮೀಮಾಂಸೆ: ಕುಮಾರಪರ್ವತದ ಒಂದು ಕ್ಷೇತ್ರಕಾರ್ಯ

ಪೀಠಿಕೆ

ಮದುವೆಗೆ ಏಳು ಹೆಜ್ಜೆ ಸಾಕು. ಇದು ನನ್ನ ಅಭಿಪ್ರಾಯವಲ್ಲ, ಕಾನೂನು. ಸಪ್ತಪದಿ ಇರುವ ಮದುವೆಯಲ್ಲಿ ಏಳನೆಯ ಹೆಜ್ಜೆ ಇಟ್ಟ ಕೂಡಲೇ ಮದುವೆ ಪೂರ್ಣವಾಯಿತು, ಇಬ್ಬರೂ ಅದಕ್ಕೆ ಬದ್ಧರು ಎಂದು 1955ರ ಹಿಂದೂ ವಿವಾಹ ಕಾಯ್ದೆ ಹೇಳುತ್ತದೆ. ಹೇಳಿರುವುದೂ ಏಳನೆಯ ಕಲಮಿನಲ್ಲೇ. ಎಂಟನೆಯ ಹೆಜ್ಜೆಯ ಬಗ್ಗೆ ಕಾಯ್ದೆ ಮೌನ. ಶಾಸ್ತ್ರಗಳೂ ಮೌನ. ಪುರೋಹಿತರು ಆ ಹೊತ್ತಿಗೆ ಮುಂದಿನ ಮುಹೂರ್ತದ ಗಡಿಬಿಡಿಯಲ್ಲಿರುತ್ತಾರೆ. ಎಂಟನೆಯ ಹೆಜ್ಜೆಯಿಂದ ನಲವತ್ತು ಸಾವಿರದ ಹೆಜ್ಜೆಯವರೆಗೆ ಗಂಡ ಹೆಂಡತಿಯರ ನಡುವೆ ಏನೇನು ನಡೆಯುತ್ತದೆ ಎಂಬ ಈ ಪಾಳುಬಿದ್ದ ಹೊಲವನ್ನು ಉಳುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ನಲವತ್ತು ಸಾವಿರ ಎಂಬುದು ಬಾಯಿಗೆ ಬಂದ ಸಂಖ್ಯೆಯಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತದ ತುದಿಗೆ ಸುಮಾರು 13 ಕಿಲೋಮೀಟರ್, ವಾಪಸು ಮತ್ತೆ ಅಷ್ಟೇ. ಹೆಜ್ಜೆಗೆ 65 ಸೆಂಟಿಮೀಟರ್ ಹಿಡಿದರೆ 40,000. ಏಳರಿಂದ ಭಾಗಿಸಿದರೆ, ಈ ಬೆಟ್ಟವನ್ನು ಒಮ್ಮೆ ಹತ್ತಿಳಿದ ದಂಪತಿ 5,714 ಸಲ ಮದುವೆಯಾದಂತಾಯಿತು. (ಪತ್ನಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ: ‘ಒಂದೇ ಸಾಕಾಗಿದೆ.’)

ಈ ಟಿಪ್ಪಣಿಗಳ ಬಗ್ಗೆ ಎರಡು ಮಾತು. ವಿದ್ವತ್ ಪ್ರಬಂಧವೆಂದ ಮೇಲೆ ಅದನ್ನು ವಿಷಯ ಬಲ್ಲವರೊಬ್ಬರು ಪರಿಶೀಲಿಸಬೇಕು ಎಂಬುದು ಲೋಕಪದ್ಧತಿ. ಈ ವಿಷಯವನ್ನು ಬಲ್ಲವರು ಜಗತ್ತಿನಲ್ಲಿ ಇಬ್ಬರೇ. ಒಬ್ಬರು ಬರೆದರು, ಇನ್ನೊಬ್ಬರು ತಿದ್ದಿದರು.

ಅಧ್ಯಯನಕ್ಕೆ ಒಳಪಟ್ಟವರು: ಪತಿ, ವಯಸ್ಸು 51, ಪತ್ನಿ, 47, ಮದುವೆಯಾಗಿ 23 ವರ್ಷ, ವಾಸ ಬೆಂಗಳೂರು. ಪತಿಯೊಂದಿಗೆ ಪ್ರಬಂಧಕಾರನಿಗೆ ಇರುವ ನಿಕಟ ಪರಿಚಯದಿಂದ ಸಂಶೋಧನೆಯ ವಸ್ತುನಿಷ್ಠತೆಗೆ ಯಾವ ಧಕ್ಕೆಯೂ ಆಗಿಲ್ಲ. ಇಬ್ಬರೂ ಒಂದೇ ಜೊತೆ ಬೂಟು ಹಾಕಿಕೊಂಡಿದ್ದರು ಎಂಬುದು ಕಾಕತಾಳೀಯ.

ಬೆಟ್ಟದ ಆಯ್ಕೆಗೂ ಕಾರಣವಿದೆ. 1712 ಮೀಟರ್ ಎತ್ತರದ ಈ ಶಿಖರ ಪುಷ್ಪಗಿರಿ ವನ್ಯಧಾಮದಲ್ಲಿದೆ. ತಾರಕಾಸುರನನ್ನು ಕೊಂದು ಬಂದ ಕುಮಾರಸ್ವಾಮಿಗೆ ಇಂದ್ರ ತನ್ನ ಮಗಳು ದೇವಸೇನೆಯನ್ನು ಮಾರ್ಗಶಿರ ಶುದ್ಧ ಷಷ್ಠಿಯ ದಿನ ಇಲ್ಲೇ ಧಾರೆ ಎರೆದುಕೊಟ್ಟ ಎನ್ನುತ್ತದೆ ಸ್ಥಳಪುರಾಣ. ಅಂದರೆ ಇದು ಮದುವೆಮನೆ. ಇನ್ನೊಂದು ಸಂಗತಿಯನ್ನು ಚಾರಣಿಗರು ನೆನಪಿಡಬೇಕು: ಪ್ರಪಂಚ ಸುತ್ತುವ ಪಂದ್ಯದಲ್ಲಿ ಪ್ರಾಮಾಣಿಕವಾಗಿ ಸುತ್ತಿ ಬಂದವನು ಈ ಕುಮಾರ, ಗೆದ್ದವನು ಅಪ್ಪ ಅಮ್ಮನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕುಳಿತ ಗಣಪತಿ. ಹೀಗೆ ಈ ಬೆಟ್ಟದ ಅಧಿದೇವತೆ, ನಡೆದು ಸೋತವರ ಕಷ್ಟ ಬಲ್ಲವನು. ಪತಿಗೆ ಇದು ಆಮೇಲೆ ಸಮಾಧಾನ ತಂದಿತು.

ಮೂಲ ಪ್ರಶ್ನೆ ಇಷ್ಟೇ: ಕಾಡುದಾರಿಯಲ್ಲಿ ದಂಪತಿಗಳ ಪೈಕಿ ಮುಂದೆ ನಡೆಯಬೇಕಾದವರು ಯಾರು? ‘ಪತಿಯೇ’ ಎಂಬುದು ನಮ್ಮ ಸಿದ್ಧಾಂತ. ಅದನ್ನು ಸಾಧಿಸಲಿಕ್ಕೆಂದೇ ಹೊರಟಿದ್ದು.

ಪೂರ್ವಸೂರಿಗಳು

ಮೊದಲ ಆಧಾರಕ್ಕೆ ಎಲ್ಲರಂತೆ ರಾಮಾಯಣಕ್ಕೆ ಹೋದೆ. ಹದಿನಾಲ್ಕು ವರ್ಷದ ಕಾಡುನಡಿಗೆಗಿಂತ ದೊಡ್ಡ ದಂಪತಿ ಚಾರಣ ಇನ್ನೊಂದಿಲ್ಲ. ಅರಣ್ಯಕಾಂಡದಲ್ಲಿ ಮುಂದೆ ರಾಮ, ನಡುವೆ ಸೀತೆ, ಹಿಂದೆ ಲಕ್ಷ್ಮಣ. ಸಿದ್ಧಾಂತಕ್ಕೆ ಜಯವಾಯಿತು ಎಂದು ಪುಸ್ತಕ ಮುಚ್ಚುವಷ್ಟರಲ್ಲಿ ಅಯೋಧ್ಯಾಕಾಂಡ ಕಾಲಿಗೆ ತೊಡರಿತು. ಹೊರಡುವ ಮೊದಲೇ ಸೀತೆ ಗಂಡನಿಗೆ ಹೇಳುತ್ತಾಳೆ: ಮುಳ್ಳು, ದರ್ಭೆಗಳನ್ನು ತುಳಿದು ಮೆತ್ತಗೆ ಮಾಡುತ್ತ ನಾನೇ ಮುಂದೆ ನಡೆಯುತ್ತೇನೆ, ನೀನು ಹಿಂದೆ ಬಾ ಎಂದು. ಇದನ್ನು ಅವಳ ಪ್ರೀತಿಯ ಅತಿಶಯೋಕ್ತಿ ಎಂದು ಪತಿ ವ್ಯಾಖ್ಯಾನಿಸಿದ. ಪತ್ನಿಯ ಟಿಪ್ಪಣಿ ಬೇರೆ: ‘ಹದಿನಾಲ್ಕು ವರ್ಷ ಸಾಮಾನು ಹೊತ್ತವನು ಮೈದುನ. ಅದನ್ನು ಬರೆಯಿರಿ.’ ಬರೆದಿದ್ದೇನೆ.

ನಳ ದಮಯಂತಿಯರ ಪ್ರಕರಣ ಪತಿವರ್ಗಕ್ಕೆ ಅಷ್ಟು ಅನುಕೂಲವಲ್ಲ. ಕಾಡಿಗೆ ಬಿದ್ದ ಮೇಲೆ ನಳ ಹೆಂಡತಿಗೆ ಮತ್ತೆ ಮತ್ತೆ ದಾರಿ ತೋರಿಸುತ್ತಾನೆ. ಇದು ದಕ್ಷಿಣಾಪಥಕ್ಕೆ, ಅದು ವಿಂಧ್ಯ, ಅಲ್ಲಿ ಪಯೋಷ್ಣೀ ನದಿ, ಇದು ವಿದರ್ಭಕ್ಕೆ, ಅದು ಕೋಸಲಕ್ಕೆ. ದಾರಿಯ ಬಗ್ಗೆ ಇಷ್ಟು ಮಾತಾಡುವ ಗಂಡನ ಮೇಲೆ ದಮಯಂತಿಗೆ ಸರಿಯಾಗಿಯೇ ಅನುಮಾನ ಬರುತ್ತದೆ. ರಾತ್ರಿ ಅವಳು ಮಲಗಿದ್ದಾಗ ಅರ್ಧ ಸೀರೆ ಕತ್ತರಿಸಿಕೊಂಡು ಅವನು ಹೊರಟೇಹೋಗುತ್ತಾನೆ. ನಕಾಶೆ ಹಿಡಿದ ಗಂಡಸನ್ನು ನಂಬುವ ಮೊದಲು ಓದಬೇಕಾದ ಉಪಾಖ್ಯಾನವಿದು.

ಮಹಾಪ್ರಸ್ಥಾನದಲ್ಲಿ ಐವರು ಗಂಡಂದಿರು ಸಾಲಾಗಿ ನಡೆಯುತ್ತಾರೆ, ಹಿಂದೆ ದ್ರೌಪದಿ, ಅವಳ ಹಿಂದೆ ಒಂದು ನಾಯಿ. ಮೊದಲು ಬಿದ್ದವಳು ದ್ರೌಪದಿ. ಮುಂದಿದ್ದ ಧರ್ಮರಾಯ ತಿರುಗಿ ನೋಡಲಿಲ್ಲ. ಅವಳೇಕೆ ಬಿದ್ದಳೆಂದು ಭೀಮ ಕೇಳಿದ್ದಕ್ಕೆ, ಅರ್ಜುನನ ಮೇಲೆ ಅವಳಿಗೆ ಪಕ್ಷಪಾತವಿತ್ತು ಎಂದು ಕಾರಣ ಹೇಳಿ ಮುಂದೆ ನಡೆದ. ಕೈ ಕೊಡುವ ಬದಲು ಕಾರಣ ಕೊಡುವ ಈ ಪದ್ಧತಿ ಇವತ್ತಿಗೂ ಚಾರಣಪಥಗಳಲ್ಲಿ ರೂಢಿಯಲ್ಲಿದೆ. ‘ನಾನು ಆಗಲೇ ಹೇಳಿದ್ದೆ, ಆ ಚಪ್ಪಲಿ ಬೇಡ ಅಂತ’ ಎಂಬುದು ಅದರ ಕನ್ನಡ ಪಾಠಾಂತರ.

ಸಾವಿತ್ರಿಯದು ಇನ್ನೊಂದು ದಾರಿ. ಅವಳು ಹಿಂದೆಯೇ ನಡೆದಳು, ನಿಜ. ಆದರೆ ಗಂಡನ ಹಿಂದಲ್ಲ, ಯಮನ ಹಿಂದೆ. ಏಳು ಹೆಜ್ಜೆ ಜೊತೆಗೆ ನಡೆದವರು ಸ್ನೇಹಿತರಂತೆ ಎಂದು ಮಾತು ತೆಗೆದು ಮಾವನ ಕಣ್ಣು, ಮಾವನ ರಾಜ್ಯ, ತಂದೆಗೆ ನೂರು ಮಕ್ಕಳು, ತನಗೆ ನೂರು ಮಕ್ಕಳು, ಕೊನೆಗೆ ಗಂಡ, ಎಲ್ಲವನ್ನೂ ನಡೆಯುತ್ತ ನಡೆಯುತ್ತಲೇ ವಸೂಲು ಮಾಡಿದಳು. ಪಟ್ಟಿಯಲ್ಲಿ ಗಂಡನ ಸ್ಥಾನವನ್ನು ಗಮನಿಸಬೇಕು.

ಗಂಡನಿಲ್ಲದೆ ನಡೆದವರ ದಾಖಲೆ ಇವೆಲ್ಲಕ್ಕಿಂತ ಮೇಲು. ನಮ್ಮ ಉಡುತಡಿಯ ಅಕ್ಕಮಹಾದೇವಿ ಕೌಶಿಕನ ಅರಮನೆ ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಸಾಮಾನಿನ ಪ್ರಶ್ನೆಯೇ ಏಳಲಿಲ್ಲ. ಅಮೆರಿಕದಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, ಹೊಡೆಯುವ ಗಂಡನಿಂದ ವಿಚ್ಛೇದನ ಪಡೆದ ಎಷ್ಟೋ ವರ್ಷಗಳ ಮೇಲೆ ‘ಸ್ವಲ್ಪ ನಡೆದು ಬರುತ್ತೇನೆ’ ಎಂದು ಹೊರಟು, ಅಪಲಾಚಿಯನ್ ಹಾದಿಯ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್‌ಗಳನ್ನು ಒಬ್ಬಳೇ ನಡೆದು ಮುಗಿಸಿದಳು. ಆಗ ಅವಳಿಗೆ 67. ಹೆಗಲಿಗೆ ಮನೆಯಲ್ಲೇ ಹೊಲಿದ ಒಂದು ಚೀಲ, ಕಾಲಿಗೆ ಕ್ಯಾನ್ವಾಸ್ ಶೂ. ಅದು 1955. ದಿಲ್ಲಿಯಲ್ಲಿ ಏಳು ಹೆಜ್ಜೆ ಸಾಕೆಂದು ಕಾಯ್ದೆಯಾದ ವರ್ಷವೂ ಅದೇ.

ಪತಿವರ್ಗದ ಕಡೆಯಿಂದ ಒಂದು ಸಾಕ್ಷಿಯಾದರೂ ಬೇಕೆಂದು ಬಹಳ ಹುಡುಕಿದೆ. ಆರ್. ಎಲ್. ಸ್ಟೀವನ್‌ಸನ್ ಸಿಕ್ಕಿದ. 1878ರಲ್ಲಿ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ಹನ್ನೆರಡು ದಿನ ಮೊಡೆಸ್ಟೀನ್ ಎಂಬ ಕತ್ತೆಯೊಂದಿಗೆ ನಡೆದ. ಕತ್ತೆ ಅವನ ಒಂದು ಮಾತನ್ನೂ ಕೇಳಲಿಲ್ಲ. ಎರಡು ವರ್ಷದೊಳಗೆ ಮದುವೆಯಾದ. ಇದನ್ನು ಪೂರ್ವತಯಾರಿ ಎಂದು ಕರೆಯಬಹುದೇ ಎಂಬ ವಾಕ್ಯವನ್ನು ಪರಿಶೀಲಕರು ಹೊಡೆದುಹಾಕಿದ್ದಾರೆ.

ಹೊರೆ ಪ್ರಕರಣ

ಹೆಗಲ ಹೊರೆ ದೇಹತೂಕದ ಐದನೇ ಒಂದು ಭಾಗ ಮೀರಬಾರದು ಎಂಬುದು ಬೆಟ್ಟ ಹತ್ತುವವರ ಸಾಮಾನ್ಯ ನಿಯಮ. ಯಾರ ದೇಹ ಎಂಬುದನ್ನು ನಿಯಮ ಹೇಳುವುದಿಲ್ಲವಾದ್ದರಿಂದ ಪತಿ ತನ್ನ ಸಾಮಾನಿನಲ್ಲಿ ಕೆಲವನ್ನು ಪತ್ನಿಯ ಚೀಲಕ್ಕೆ ಸೇರಿಸಿದ. ಅವನ ಚೀಲದಲ್ಲಿ ಇದ್ದವು: ಎರಡು ಟ್ರೆಕ್ಕಿಂಗ್ ಕೋಲು, ಹಣೆಗೆ ಕಟ್ಟುವ ಟಾರ್ಚು, ದಿಕ್ಸೂಚಿ, ಸೀಟಿ, ಆರು ಕಾಲುಚೀಲ, ಬೆಳ್ಳಿಬಣ್ಣದ ತುರ್ತು ಹೊದಿಕೆ, ಮತ್ತು ನೀರು ಶುದ್ಧಮಾಡುವ ಒಂದು ಕೊಳವೆ. ಅದನ್ನು ಬಳಸುವ ವಿಧಾನದ ಚೀಟಿ ಮನೆಯಲ್ಲೇ ಉಳಿದಿತ್ತು. ಪತ್ನಿಯ ಚೀಲದಲ್ಲಿ: ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಕೋಡುಬಳೆ, ಉಪ್ಪು ಸವರಿದ ನೆಲ್ಲಿಕಾಯಿ, ಅಮೃತಾಂಜನ, ಒಂದು ಹಳೆ ಕಾಟನ್ ಸೀರೆಯ ತುಂಡು.

ಕ್ಷೇತ್ರಕಾರ್ಯದ ಎರಡು ದಿನಗಳಲ್ಲಿ ಯಾವ ವಸ್ತು ಎಷ್ಟು ಸಲ ಉಪಯೋಗಕ್ಕೆ ಬಂತೆಂದು ಲೆಕ್ಕವಿಟ್ಟೆ. ದಿಕ್ಸೂಚಿ: ಒಮ್ಮೆಯೂ ಇಲ್ಲ (ದಾರಿ ಒಂದೇ ಇತ್ತು). ಸೀಟಿ: ಒಮ್ಮೆ, ಆಕಸ್ಮಿಕವಾಗಿ. ಕೋಡುಬಳೆ ದಾರಿಯಲ್ಲಿ ಸಿಗುವ ಭೀಮನಬಂಡೆ ತಲುಪುವ ಮೊದಲೇ ಮುಗಿದಿತ್ತು. ಸೀರೆಯ ತುಂಡು ಬೆವರು ಒರೆಸಲಿಕ್ಕೆ, ಬಂಡೆಯ ಮೇಲೆ ಹಾಸಲಿಕ್ಕೆ, ಬಿಸಿಲಿಗೆ ತಲೆಗೆ ಕಟ್ಟಲಿಕ್ಕೆ ಆಗಿ, ಕೊನೆಗೆ ಪತಿಯ ಮೀನಖಂಡಕ್ಕೆ ಸುತ್ತಲಿಕ್ಕೂ ಬಂತು. ಈ ಕೊನೆಯದರ ಪ್ರಸ್ತಾಪ ಮುಂದೆ ಬರುತ್ತದೆ, ಬಾರದಿದ್ದರೆ ಚೆನ್ನಾಗಿತ್ತು.

ಕಾಲ ಪ್ರಕರಣ

ಬೆಟ್ಟ ಹತ್ತಲು ಎಷ್ಟು ಹೊತ್ತು ಬೇಕೆಂಬುದಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಸೂತ್ರ ಬರೆದ. ಐದು ಕಿಲೋಮೀಟರಿಗೆ ಒಂದು ಗಂಟೆ. ಏರು ಇದ್ದರೆ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ತುದಿಗೆ ಏರು ಒಂದೂವರೆ ಸಾವಿರ ಮೀಟರಿಗೂ ಮೇಲೆ. ಸೂತ್ರದ ಪ್ರಕಾರ ಐದು ಗಂಟೆ ಚಿಲ್ಲರೆ. ಪತಿ ಇದನ್ನು ಬಸ್ಸಿನಲ್ಲೇ ಚೀಟಿಯಲ್ಲಿ ಬರೆದು ಪತ್ನಿಗೆ ಕೊಟ್ಟ. ಅವಳು ಅದರಲ್ಲಿ ನೆಲ್ಲಿಕಾಯಿ ಕಟ್ಟಿದಳು.

ನೇಸ್ಮಿತ್ ಮಹಾಶಯ ಈ ಸೂತ್ರ ಬರೆಯುವಾಗ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿರಲಾರ. ಆದ್ದರಿಂದ ಅದಕ್ಕೆ ದಾಂಪತ್ಯದ ತಿದ್ದುಪಡಿ ಅಗತ್ಯ. ಆಧಾರ ಗ್ರಂಥಗಳು ಸಿಗದ ಕಾರಣ ಸೂತ್ರಗಳನ್ನು ನಾನೇ ರಚಿಸಿದ್ದೇನೆ. ಪ್ರಥಮ ಸೂತ್ರ: ‘ಇನ್ನು ಸ್ವಲ್ಪ’ ಎಂಬುದು ದೂರದ ಅಳತೆಯಲ್ಲ, ಅಭಯವಚನ.

ಭಾಷ್ಯ. ಮೊದಲ ದಿನದ ದಾರಿ ಐದಾರು ಕಿಲೋಮೀಟರ್, ಬಹುಪಾಲು ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ‘ಇನ್ನೆಷ್ಟು ದೂರ ರೀ?’ ಎಂದು ಪತ್ನಿ ಕೇಳಿದ್ದು ಒಟ್ಟು ನಾಲ್ಕು ಸಲ. ‘ಇಲ್ಲೇ, ಇನ್ನು ಸ್ವಲ್ಪ, ಆ ತಿರುವು ದಾಟಿದರೆ ಆಯ್ತು’ ಎಂದು ಪತಿ ಹೇಳಿದ್ದೂ ನಾಲ್ಕು ಸಲ. ಮೊದಲ ‘ಇನ್ನು ಸ್ವಲ್ಪ’ ಎರಡು ಕಿಲೋಮೀಟರ್ ಬಂತು, ಎರಡನೆಯದು ಒಂದೂವರೆ. ಈ ಪತಿ ಈ ದಾರಿಯನ್ನು ಮೊದಲು ನೋಡಿರಲಿಲ್ಲ ಎಂಬ ಅಂಶವನ್ನು ಓದುಗರು ಗಮನಕ್ಕೆ ತಂದುಕೊಳ್ಳಬೇಕು. ಐದನೆಯ ಸಲ ಅವಳು ಕೇಳಲಿಲ್ಲ. ಎದುರಿಗೆ ಇಳಿದು ಬರುತ್ತಿದ್ದ ಹುಡುಗರನ್ನು ಕೇಳಿದಳು. ‘ಭಟ್ರ ಮನೆ ಇನ್ನು ಅರ್ಧ ಗಂಟೆ ಆಂಟಿ’ ಎಂದರು. ಸರಿಯಾಗಿ ಅರ್ಧ ಗಂಟೆಗೆ ಭಟ್ಟರ ಮನೆ ಇರುವ ಗಿರಿಗದ್ದೆ ಬಂತು. ಸಂಶೋಧನೆಯಲ್ಲಿ ದ್ವಿತೀಯಕ ಆಕರಗಳನ್ನು ಕೀಳಾಗಿ ಕಾಣಬಾರದೆಂಬುದಕ್ಕೆ ಇದು ನಿದರ್ಶನ.

ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ. ನಡೆದು ಸುಸ್ತಾದವನಿಗೆ ಆ ಸಾಂಬಾರಿನ ಮುಂದೆ ಯಾವ ಮೀಮಾಂಸೆಯೂ ನಿಲ್ಲುವುದಿಲ್ಲ. ಪತಿ ನಾಲ್ಕು ಸಲ ಬಡಿಸಿಕೊಂಡ. ಇದಕ್ಕೂ ಮರುದಿನದ ಘಟನೆಗೂ ಸಂಬಂಧವಿಲ್ಲ. (‘ಇದೆ.’)

ಉಂಬಳ ಪ್ರಕರಣ

ಷಷ್ಠಿ ಜಾತ್ರೆ ಮುಗಿದು ಇಪ್ಪತ್ತು ದಿನ, ಡಿಸೆಂಬರಿನ ಕೊನೆ. ಈ ಕಾಲದಲ್ಲಿ ಉಂಬಳ ಇರುವುದಿಲ್ಲವೆಂದು ಪತಿಯ ಪ್ರತಿಜ್ಞಾವಾಕ್ಯ. ಹೇತು: ಮಳೆಗಾಲವಲ್ಲ. ದೃಷ್ಟಾಂತ: ಇಷ್ಟು ಹೊತ್ತಿಗೆ ಹತ್ತಿರಬೇಕಿತ್ತು, ಹತ್ತಿಲ್ಲ. ಹಿಂದಿನ ದಿನ ಅಕಾಲದ ಒಂದು ಮಳೆ ಬಿದ್ದಿತ್ತು ಎಂಬುದು ಈ ಅನುಮಾನದಲ್ಲಿ ಬಿಟ್ಟುಹೋದ ಅಂಶ. ಪ್ರತ್ಯಕ್ಷ ಪ್ರಮಾಣ ಪತಿಯ ಎಡ ಹಿಮ್ಮಡಿಯ ಮೇಲೆ ಕಂಡಿತು. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುವುದರಿಂದ, ಅದು ಬಿದ್ದುಹೋದ ಮೇಲೂ ರಕ್ತ ಹರಿಯುತ್ತಲೇ ಇರುತ್ತದೆ; ನೋಡಲು ಭಯಂಕರ, ಅಪಾಯ ಕಡಿಮೆ. ಪತಿಗೆ ಇದು ಗೊತ್ತಿತ್ತು. ಕೂಗಿದ್ದು ಗೊತ್ತಿಲ್ಲದೆ ಅಲ್ಲ. ಪತ್ನಿ ನೆಲ್ಲಿಕಾಯಿಗೆ ಹಚ್ಚಿದ್ದ ಉಪ್ಪನ್ನೇ ಚೂರು ಕೆರೆದು ಉದುರಿಸಿದಳು. ಆ ನೆಲ್ಲಿಕಾಯಿಯನ್ನು ಆಮೇಲೆ ಯಾರು ತಿಂದರು ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಅಂತರ ಪ್ರಕರಣ

ಇದು ಪ್ರಬಂಧದ ಹೃದಯ. ಇಬ್ಬರು ಒಂದೇ ದಾರಿಯಲ್ಲಿ ನಡೆಯುವಾಗ ಅವರ ನಡುವೆ ಇರುವ ಅಂತರ ಎಷ್ಟು, ಮತ್ತು ಯಾಕೆ?

ಮೊದಲ ದಿನ ಪತಿ ಮುಂದೆ, ಪತ್ನಿ ಹಿಂದೆ. ಅಂತರ ಇಪ್ಪತ್ತು ಮೀಟರಿನಿಂದ ಅರವತ್ತು. ಪತಿ ಆಗಾಗ ನಿಂತು, ಅವಳು ಕಣ್ಣಿಗೆ ಬಿದ್ದ ಕೂಡಲೇ ಮತ್ತೆ ಹೊರಡುತ್ತಿದ್ದ. ಅಂದರೆ ಅವನಿಗೆ ವಿಶ್ರಾಂತಿ ಸಿಗುತ್ತಿತ್ತು, ಅವಳಿಗೆ ಸಿಗುತ್ತಿರಲಿಲ್ಲ. ಇದನ್ನು ಅವನು ಕಾಯುವುದು ಎಂದು ಕರೆಯುತ್ತಾನೆ. 23 ವರ್ಷಗಳಿಂದ, ಮದುವೆಮನೆಗೆ ಹೊರಡುವಾಗ, ಬಸ್‌ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ತಾನು ಹೀಗೆಯೇ ಕಾದಿದ್ದೇನೆಂದು ಅವನು ನಂಬಿದ್ದ. ಲೆಕ್ಕ ಹಾಕಿ ನೋಡಿದ್ದು ಇದೇ ಮೊದಲು. ಬೆಟ್ಟದಲ್ಲಿ ಬೇರೆ ಕೆಲಸವಿರಲಿಲ್ಲ.

ಎರಡನೆಯ ದಿನ ಬೆಳಗಿನ ಐದಕ್ಕೆ ಎದ್ದಾಗ ಅಮಾವಾಸ್ಯೆ ಹತ್ತಿರದ ಆಕಾಶ ಕಪ್ಪಗೆ ತೊಳೆದಿಟ್ಟಂತಿತ್ತು. ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ಮೇಲೆದ್ದಿತ್ತು. ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಅಂಟಿಕೊಂಡ ಚಿಕ್ಕ ಚುಕ್ಕೆ ಅರುಂಧತಿ. ಮದುವೆಯ ದಿನ ಪುರೋಹಿತರು ಹನ್ನೊಂದು ಗಂಟೆ ಬಿಸಿಲಿನಲ್ಲಿ ಛತ್ರದ ತಗಡಿನ ಚಾವಣಿಯತ್ತ ಕೈ ತೋರಿಸಿ ‘ಕಾಣಿಸ್ತೇನಮ್ಮಾ’ ಎಂದಿದ್ದಕ್ಕೆ ಅವಳು ‘ಹೂಂ’ ಎಂದಿದ್ದಳು. ‘ನಿಜವಾಗಿ ಈಗ ಕಾಣಿಸ್ತಿದೆ’ ಎಂದಳು. ಪತಿ ತನ್ನ ವಿದ್ವತ್ತನ್ನು ತಡೆದುಕೊಳ್ಳಲಾರದೆ ಭೀಷ್ಮಪರ್ವದ ಮಾತು ತೆಗೆದ. ಕುರುಕ್ಷೇತ್ರ ಯುದ್ಧಕ್ಕೆ ಮೊದಲು ವ್ಯಾಸರು ಧೃತರಾಷ್ಟ್ರನಿಗೆ ಅಪಶಕುನಗಳನ್ನು ಹೇಳುತ್ತ, ಅರುಂಧತಿ ವಸಿಷ್ಠನನ್ನು ಹಿಂದೆ ಹಾಕಿದ್ದಾಳೆ ಎನ್ನುತ್ತಾರೆ. ಹೆಂಡತಿ ಮುಂದೆ ಹೋಗುವುದೆಂದರೆ ಜಗತ್ತಿಗೆ ಅಂಥ ಉತ್ಪಾತ ಎಂದು ವಿವರಿಸಿದ.

‘ಹಿಂದೆ ಬಿದ್ದವರು ವಸಿಷ್ಠರು ತಾನೆ? ಅವರನ್ನು ಯಾರೂ ಏನೂ ಕೇಳಲಿಲ್ವಾ?’ ಎಂದು ಬೂಟಿನ ದಾರ ಕಟ್ಟಿಕೊಂಡು ಅವಳು ಮುಂದೆ ಹೊರಟಳು.

ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡು ಮುಗಿದು ಹುಲ್ಲುಗಾವಲು. ನೆರಳಿಲ್ಲ, ಏರು ಮಾತ್ರ. ಅಂತರ ಮತ್ತೆ ಇಪ್ಪತ್ತು ಮೀಟರ್, ಆಮೇಲೆ ಅರವತ್ತು, ಆಮೇಲೆ ನೂರು. ಅಳತೆಗೋಲು ಅದೇ; ತುದಿಗಳು ಅದಲು ಬದಲಾಗಿದ್ದವು. ಅವಳೂ ನಿಲ್ಲುತ್ತಿದ್ದಳು. ವ್ಯತ್ಯಾಸವೊಂದೇ: ಪತಿ ಹತ್ತಿರ ಬಂದ ಮೇಲೂ ಅವಳು ನಿಂತೇ ಇರುತ್ತಿದ್ದಳು, ಅವನು ನೀರು ಕುಡಿದು, ಬೆಟ್ಟದ ಬಗ್ಗೆ ಒಂದು ಅನಗತ್ಯ ಮಾಹಿತಿ ಕೊಟ್ಟು, ಉಸಿರು ಸರಿಯಾಗುವವರೆಗೆ. ಕೊಟ್ಟ ಮಾಹಿತಿ ಹೀಗಿತ್ತು: ಕುಮಾರಧಾರಾ ಇಲ್ಲೇ ಹುಟ್ಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ಅಲ್ಲಿಂದ ಮುಂದೆ ತನ್ನ ಹೆಸರು ಕಳೆದುಕೊಳ್ಳುತ್ತದೆ. ‘ಗಂಡು ಹೆಸರಿನ ನದಿ ಹೆಣ್ಣು ಹೆಸರಿನ ನದಿಯಲ್ಲಿ ಸೇರಿ ಹೆಸರು ಬಿಡೋದಾ? ಒಳ್ಳೇದಾಯ್ತು’ ಎಂಬುದು ಅವಳ ಭಾಷ್ಯ.

ಈ ಹಂತದಲ್ಲಿ ಸಿದ್ಧಾಂತವನ್ನು ಪುನರ್ ಪರಿಶೀಲಿಸಬಹುದಿತ್ತು. ಪ್ರಬಂಧಕಾರ ಅದನ್ನು ಮಾಡಲಿಲ್ಲ. ಮಾಡಲು ಉಸಿರಿರಲಿಲ್ಲ.

ಶಿಖರ ಪ್ರಕರಣ

ಕಲ್ಲುಮಂಟಪ ನಾಲ್ಕು ಕಲ್ಲುಕಂಬಗಳ ಚಿಕ್ಕ ಆಸರೆ, ಹತ್ತಿರದಲ್ಲೇ ನೀರು. ಅಲ್ಲಿಂದ ಮೇಲೆ ಶೇಷಪರ್ವತ. ಅದೇ ಶಿಖರವೆಂದು ಮೊದಲ ಸಲ ಬಂದವರು ಸಂತೋಷಪಡುವುದು ರೂಢಿ. ಅದನ್ನು ಹತ್ತಿದ ಮೇಲೆ ಗೊತ್ತಾಗುತ್ತದೆ, ಒಂದು ಕಾಡಿನೊಳಗೆ ಇಳಿದು, ಬಂಡೆ ತೆವಳಿ ಮತ್ತೆ ಹತ್ತಬೇಕೆಂದು. ಇದನ್ನು ಮಂಟಪದ ಬಳಿಯೇ, ಇಳಿದು ಬರುತ್ತಿದ್ದವರೊಬ್ಬರು ಬಹಳ ಉತ್ಸಾಹದಿಂದ ವಿವರಿಸಿದರು. ವಿವರಣೆ ಮುಗಿಯುವಷ್ಟರಲ್ಲಿ ಪತಿಯ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು.

ಕಲ್ಲುಮಂಟಪದ ವಾಸ್ತುವನ್ನು ಅಧ್ಯಯನ ಮಾಡಲು ಪತಿ ಅಲ್ಲೇ ಉಳಿದ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. (‘ಅತ್ತರು.’) ಅಳಲಿಲ್ಲ. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ಪತ್ನಿ ಅಮೃತಾಂಜನ ಹಚ್ಚಿ, ಸೀರೆಯ ತುಂಡು ಸುತ್ತಿ, ಪಕ್ಕದಲ್ಲಿ ಕುಳಿತಳು. ‘ವಾಪಸ್ ಹೋಗೋಣ ಬಿಡಿ’ ಎಂದಳು. ಅಷ್ಟರಲ್ಲಿ ಕಾಲೇಜು ಹುಡುಗ ಹುಡುಗಿಯರ ಒಂದು ಗುಂಪು ಬಂತು. ‘ಆಂಟಿ, ನೀವು ಬನ್ನಿ, ಅಂಕಲ್ ಇಲ್ಲೇ ಇರ್ಲಿ’ ಎಂದರು. ಅವಳು ಪತಿಯ ಮುಖ ನೋಡಿದಳು. ‘ಹೋಗಿ ಬಾ’ ಎಂದ ಪತಿ. ಎರಡು ದಿನಗಳಲ್ಲಿ ಅವನ ಬಾಯಿಂದ ಬಂದ ಒಂದೇ ಉಪಯುಕ್ತ ಮಾರ್ಗಸೂಚಿ ಇದು. ಕೋಲುಗಳೆರಡನ್ನೂ ಅವಳ ಕೈಗೆ ಕೊಟ್ಟ.

ಆದಕಾರಣ ಶಿಖರದ ಕುರಿತು ಈ ಪ್ರಬಂಧದಲ್ಲಿ ಪ್ರತ್ಯಕ್ಷ ಪ್ರಮಾಣವಿಲ್ಲ. ಮಂಟಪದಿಂದ ಶೇಷಪರ್ವತದ ಬೆನ್ನು ಕಾಣುತ್ತದೆ, ಅದರ ಆಚೆಯದು ಕಾಣುವುದಿಲ್ಲ. ಪತಿ ಮೂರೂಕಾಲು ಗಂಟೆ ಅಲ್ಲಿ ಕುಳಿತು, ಅವಳ ಚೀಲದಲ್ಲಿದ್ದ ಚಪಾತಿ ತಿನ್ನದೆ ಕಾದ. ಕಾಯುವುದು ಎಂಬ ಪದದ ಬಗ್ಗೆ ಅವನ ಹಿಂದಿನ ವ್ಯಾಖ್ಯಾನಗಳೆಲ್ಲ ಇಲ್ಲಿ ಅಸಿಂಧುವಾದವು. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಹುಲ್ಲಿನ ನಡುವೆ ಅವಳು ಇಳಿದು ಬರುವುದು ಕಂಡಿತು. ಬಂದು, ನೀರು ಕುಡಿದು, ಚಪಾತಿ ಬಿಚ್ಚಿದಳು.

‘ಹೇಗಿತ್ತೇ ಮೇಲೆ?’ ಎಂದ ಪತಿ.

‘ಏನಿಲ್ಲ ರೀ. ಬರೀ ಮೋಡ. ಏನೂ ಕಾಣಿಸ್ಲಿಲ್ಲ’ ಎಂದಳು.

ಆಪ್ತವಾಕ್ಯವನ್ನು ಪ್ರಮಾಣವಾಗಿ ಒಪ್ಪಬೇಕೆಂದು ನ್ಯಾಯಶಾಸ್ತ್ರ ಹೇಳುತ್ತದೆ. ಪತಿ ಒಪ್ಪಿದ. ಇಳಿಯುವಾಗ ಅವಳೇ ಮುಂದೆ ನಡೆದಳು, ತಿರುವುಗಳಲ್ಲಿ ನಿಂತಳು. ‘ಇನ್ನೆಷ್ಟು ದೂರ?’ ಎಂದು ಅವನು ಕೇಳಿದಾಗಲೆಲ್ಲ ‘ಇಲ್ಲೇ, ಇನ್ನು ಸ್ವಲ್ಪ’ ಎಂದಳು.

ಮುಂದಿನ ಸಾಲುಗಳನ್ನು ಪರಿಶೀಲಕರಿಗೆ ತೋರಿಸಿಲ್ಲ. ಕಳೆದ ತಿಂಗಳು ಅವಳ ಹಳೆಯ ಫೋನಿನಿಂದ ಫೋಟೋಗಳನ್ನು ಹೊಸದಕ್ಕೆ ಹಾಕಿಕೊಡುತ್ತಿದ್ದೆ. ಆ ದಿನ ಬೆಳಗ್ಗೆ 10.52ಕ್ಕೆ ತುದಿಯಲ್ಲಿ ತೆಗೆದ ಒಂದು ಫೋಟೋ ಸಿಕ್ಕಿತು. ಕಲ್ಲುಗುಡ್ಡೆ ಇದೆ, ನನ್ನ ಎರಡು ಕೋಲುಗಳಿವೆ, ಹಿಂದೆ ಒಂದರ ಬೆನ್ನಿಗೆ ಒಂದರಂತೆ ಏಳೆಂಟು ಸಾಲು ಬೆಟ್ಟಗಳಿವೆ. ಮೋಡ ಇಲ್ಲ.